ಕಥೆಯನ್ನು ಮಾರಿ, ಗುಂಡಿಯನ್ನಲ್ಲ

ಎಲ್ಲರಿಗೂ ನಮಸ್ಕಾರ. 2025ರ ನವೆಂಬರ್‌ಗೆ ಮೊದಲು ಮಾಡಿದ ಈ ಸಂಚಿಕೆಯಲ್ಲಿ, ದೇಶವೊಂದನ್ನು ಆರಿಸಿಕೊಂಡು ಶತಮಾನಗಳ ಕಾಲ ಆಳುವ ಕಂಪ್ಯೂಟರ್ ಆಟವಾದ ಯುರೋಪಾ ಯೂನಿವರ್ಸಾಲಿಸ್ 5ರ ನಕ್ಷೆಯನ್ನು ಮುಂದಿಟ್ಟುಕೊಂಡು ನಿರಾಳವಾಗಿ ಮಾತನಾಡಬೇಕೆಂದಿದ್ದೆ, ಟಿಪ್ಪಣಿಗಳೂ ಸಿದ್ಧವಾಗಿದ್ದವು. ಆದರೆ ಹಿಂದಿನ ಸಂಚಿಕೆಯ ಕೆಳಗೆ ಮಹನೀಯರೊಬ್ಬರು ಬರೆದುಹೋದ ಸಾಲೊಂದು ಮೂರು ದಿನಗಳಿಂದ ಕಿವಿ ಹೊಕ್ಕ ಜೀರುಂಡೆಯಂತೆ ನನ್ನನ್ನು ಕಾಡುತ್ತಿದೆ. "ದುಡ್ಡು ಕೊಡಲಾಗದಿದ್ದರೆ ಆಡಬೇಡಿ, ಡಿಎಲ್‌ಸಿ ಇಲ್ಲದೆ ಇಂಥ ಆಟಗಳು ಬದುಕುವುದಿಲ್ಲ." ಇಷ್ಟೇ ಆ ಸಾಲು. ಡಿಎಲ್‌ಸಿ ಎಂದರೆ ಮೂಲ ಆಟಕ್ಕೆ ಆಮೇಲೆ ಬೇರೆಯಾಗಿ ಮಾರುವ ವಿಸ್ತರಣೆ. ಅದರ ಪಕ್ಕದಲ್ಲಿ ನನ್ನ ಚಾನೆಲ್‌ನದೇ ಮೆಚ್ಚುಗೆಯ ಗುರುತಿದೆ ಎಂದು ಕೆಲವರು ಸ್ಕ್ರೀನ್‌ಶಾಟ್ ಕಳಿಸಿದ್ದಾರೆ. ಅದು ಬೆರಳು ತಪ್ಪಿ ಬಿದ್ದದ್ದು ಎಂದು ಈ ಮೂಲಕ ಸ್ಪಷ್ಟಪಡಿಸುತ್ತೇನೆ.

ಹಾಗಾಗಿ ನಕ್ಷೆ ಮುಂದಿನ ಸಂಚಿಕೆಗೆ ಹೋಯಿತು. ಇವತ್ತು ನನ್ನದು ಒಂದೇ ಮಾತು: ವಿಸ್ತರಣೆಯ ಹೆಸರಿನಲ್ಲಿ ಕಥೆಯನ್ನು ಮಾರಿ, ಗುಂಡಿಯನ್ನು ಮಾರಬೇಡಿ. ಕಥೆ ಎಂದರೆ ಒಂದು ನಾಡಿನ ಘಟನೆಗಳು, ಅರಮನೆಯ ಒಳಜಗಳ, ಸೈನಿಕರ ಉಡುಪು, ಆ ನಾಡಿಗಷ್ಟೇ ಸಲ್ಲುವ ಆಡಳಿತ ಪದ್ಧತಿ, ಬೇಕಿದ್ದರೆ ಒಂದಿಷ್ಟು ಹೊಸ ಸಂಗೀತ. ಗುಂಡಿ ಎಂದರೆ ಭೂಪಟದಲ್ಲಿ ಯಾವ ದೇಶವನ್ನು ಆರಿಸಿಕೊಂಡರೂ ಪ್ರತಿ ಆಟಗಾರನಿಗೂ ಬೇಕೇ ಬೇಕಾದ, ಪರದೆಯ ಮೇಲೆ ಒತ್ತಿ ಬಳಸುವ ಸಾಧನ. ಮೊದಲನೆಯದಕ್ಕೆ ಬೆಲೆ ಕಟ್ಟಿದರೆ ನಾನು ಸಂತೋಷದಿಂದ ಕೊಳ್ಳುತ್ತೇನೆ. ಎರಡನೆಯದಕ್ಕೆ ಬೆಲೆ ಕಟ್ಟಿದರೆ, ಮೊದಲು ಮಾರಿದ ಆಟ ಅರ್ಧ ಆಟವಾಗಿತ್ತು ಎಂದು ಮಾರಿದವರೇ ಒಪ್ಪಿಕೊಂಡಂತೆ.

ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಇದೇ ಸರಣಿಯ ನಾಲ್ಕನೆಯ ಆಟ 2013ರ ಆಗಸ್ಟ್‌ನಲ್ಲಿ ಬಂತು. 2015ರ ಜೂನ್‌ನಲ್ಲಿ ಅದಕ್ಕೆ ಕಾಮನ್ ಸೆನ್ಸ್ ಎಂಬ ವಿಸ್ತರಣೆ ಬಂತು. ಸಾಮಾನ್ಯ ಜ್ಞಾನಕ್ಕೂ ಪ್ರತ್ಯೇಕ ದರ ಎಂಬ ಹಾಸ್ಯವನ್ನು ಆಗಲೇ ಎಲ್ಲರೂ ಮಾಡಿ ಮುಗಿಸಿರುವುದರಿಂದ ನಾನು ಮತ್ತೆ ಮಾಡುವುದಿಲ್ಲ. ಅದರ ಜೊತೆ ಎಲ್ಲರಿಗೂ ಉಚಿತವಾಗಿ ಬಂದ ಪ್ಯಾಚ್, ಅಂದರೆ ಆಟದ ಪರಿಷ್ಕರಣೆ, ಪ್ರತಿ ಪ್ರಾಂತ್ಯಕ್ಕೂ ತೆರಿಗೆ, ಉತ್ಪಾದನೆ, ಸೈನ್ಯಬಲ ಎಂಬ ಮೂರು ಅಂಕಿಗಳನ್ನು ಕೊಟ್ಟಿತು. ಮೂರೂ ಸೇರಿದರೆ ಆ ಪ್ರಾಂತ್ಯದ ಡೆವಲಪ್‌ಮೆಂಟ್. ಒಂದು ಊರಿನಲ್ಲಿ ಎಷ್ಟು ಕಟ್ಟಡ ಕಟ್ಟಬಹುದು ಎಂಬುದನ್ನೂ ಅಂದಿನಿಂದ ಅದೇ ಅಂಕಿ ನಿರ್ಧರಿಸತೊಡಗಿತು. ಆ ಮೂರು ಅಂಕಿಗಳ ಪಕ್ಕದಲ್ಲಿ ಮೂರು ಪುಟ್ಟ ಗುಂಡಿಗಳು. ಆಡಳಿತ, ರಾಜತಾಂತ್ರಿಕ, ಸೈನಿಕ ಪಾಯಿಂಟುಗಳನ್ನು ಖರ್ಚು ಮಾಡಿ ಒತ್ತಿದರೆ ಅಂಕಿ ಒಂದೊಂದಾಗಿ ಏರುತ್ತದೆ. ಆದರೆ ಒತ್ತುವ ಹಕ್ಕು ಆಗ ಕಾಮನ್ ಸೆನ್ಸ್ ಕೊಂಡವರಿಗೆ ಮಾತ್ರ ಇತ್ತು. ಬಾಯಾರಿಕೆಯನ್ನು ಉಚಿತವಾಗಿ ಹಂಚಿ ನೀರನ್ನು ಮಾರಿದ ಹಾಗಾಯಿತು. ಗುಂಡಿ ಎಂಬ ಪದಕ್ಕೆ ನಮ್ಮ ಭಾಷೆಯಲ್ಲಿ ಇನ್ನೊಂದು ಅರ್ಥವೂ ಇರುವುದು ಕಾಕತಾಳೀಯವಲ್ಲ ಎಂದು ನನಗೆ ಅಂದಿನಿಂದಲೂ ಅನಿಸಿದೆ.

ಮುಂದಿನ ವರ್ಷ, 2016ರ ಅಕ್ಟೋಬರ್‌ನಲ್ಲಿ, ಮತ್ತೊಂದು ಉಚಿತ ಪ್ಯಾಚ್ ಇನ್‌ಸ್ಟಿಟ್ಯೂಷನ್‌ಗಳನ್ನು, ಅಂದರೆ ಕಾಲಕಾಲಕ್ಕೆ ಹುಟ್ಟಿ ಹಬ್ಬುವ ಹೊಸ ಪ್ರವಾಹಗಳನ್ನು, ತಂದಿತು. ನವೋದಯ 1450ರ ಸುಮಾರಿಗೆ, ವಸಾಹತುಶಾಹಿ 1500ರ ಸುಮಾರಿಗೆ, ಮುದ್ರಣ ಯಂತ್ರ 1550ರ ಸುಮಾರಿಗೆ ಎಲ್ಲೋ ಒಂದೆಡೆ ಹುಟ್ಟಿ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಹಬ್ಬುತ್ತಿದ್ದವು. ಅವುಗಳನ್ನು ಅಳವಡಿಸಿಕೊಳ್ಳದ ದೇಶಕ್ಕೆ ತಂತ್ರಜ್ಞಾನದ ವೆಚ್ಚ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಈಗ ವಿಜಯನಗರವನ್ನು ಆರಿಸಿಕೊಂಡ ಒಬ್ಬ ಆಟಗಾರನನ್ನು ಊಹಿಸಿಕೊಳ್ಳಿ. ಬೊಕ್ಕಸ ತುಂಬಿದೆ, ಸೈನ್ಯ ಬಲವಾಗಿದೆ, ನೆರೆಯವರು ಹೆದರಿ ತೆಪ್ಪಗಿದ್ದಾರೆ. ಆದರೂ ನವೋದಯ ಸಾವಿರಾರು ಮೈಲಿ ದೂರದಿಂದ ಆಮೆಯಂತೆ ಬರುತ್ತಿದೆ. ಇದಕ್ಕೆ ಆ ಕಾಲದಲ್ಲಿ ಎಲ್ಲ ಅನುಭವಿಗಳೂ ಹೇಳುತ್ತಿದ್ದ ಮದ್ದು ಒಂದೇ: ಒಂದು ಒಳ್ಳೆಯ ಪ್ರಾಂತ್ಯವನ್ನು ಆರಿಸಿ, ಪಾಯಿಂಟುಗಳನ್ನೆಲ್ಲ ಅಲ್ಲೇ ಸುರಿದು, ಗುಂಡಿಯನ್ನು ಮತ್ತೆ ಮತ್ತೆ ಒತ್ತಿ, ಆ ಇನ್‌ಸ್ಟಿಟ್ಯೂಷನ್ ನಿಮ್ಮ ನೆಲದಲ್ಲೇ ನೆಲೆಯೂರುವಂತೆ ಮಾಡಿ. ಯಾವ ಗುಂಡಿ? ಅದೇ ಗುಂಡಿ! ಫ್ರಾನ್ಸ್ ಆಡುವವನಿಗೆ ಅದಿಲ್ಲದಿದ್ದರೂ ನಡೆಯುತ್ತಿತ್ತು, ನವೋದಯ ತಾನಾಗಿಯೇ ಅವನ ಮನೆಬಾಗಿಲಿಗೆ ಬರುತ್ತಿತ್ತು. ಏಷ್ಯಾ, ಆಫ್ರಿಕಾಗಳ ದೇಶಗಳನ್ನು ಆಡುವವನಿಗೆ ಅದು ಐಷಾರಾಮವಲ್ಲ, ಊರುಗೋಲು. ಒಂದೇ ಆಟಕ್ಕೆ ಒಂದೇ ಬೆಲೆ ಕೊಟ್ಟ ಇಬ್ಬರಲ್ಲಿ ಒಬ್ಬನಿಗೆ ನಡೆಯಲು ಊರುಗೋಲನ್ನು ಬೇರೆಯಾಗಿ ಕೊಳ್ಳಬೇಕಾದ ಸ್ಥಿತಿ.

2018ರ ಸೆಪ್ಟೆಂಬರ್‌ನಲ್ಲಿ ಭಾರತವನ್ನೇ ಕೇಂದ್ರದಲ್ಲಿಟ್ಟು ಧರ್ಮ ಎಂಬ ವಿಸ್ತರಣೆ ಬಂತು. ಹೆಸರು ಧರ್ಮ, ಆದರೆ ಧರ್ಮಕ್ಕೇನೂ ಸಿಗಲಿಲ್ಲ. ಅದರಲ್ಲಿ ಭಾರತದ ಕಥೆ ಇತ್ತು, ಆ ಭಾಗಕ್ಕೆ ನನ್ನ ತಕರಾರಿಲ್ಲ. ಆದರೆ ಅದೇ ಪೊಟ್ಟಣದೊಳಗೆ ಟ್ರೇಡ್ ಕಂಪನಿಗಳಲ್ಲಿ, ಅಂದರೆ ಈಸ್ಟ್ ಇಂಡಿಯಾ ಕಂಪನಿಯಂಥ ವ್ಯಾಪಾರ ಸಂಸ್ಥೆಗಳಲ್ಲಿ, ಬಂಡವಾಳ ಹೂಡುವ ಸೌಲಭ್ಯವೂ ಇತ್ತು. ಅಂದರೆ ಭಾರತದ ಹೆಸರಿನ ವಿಸ್ತರಣೆಯನ್ನು ಹೆಚ್ಚು ಬಳಸಿಕೊಂಡವರು ಭಾರತವನ್ನು ಕೊಳ್ಳೆ ಹೊಡೆಯಲು ಹಡಗೇರಿ ಬಂದ ಆಟಗಾರರು. ಇತಿಹಾಸಕ್ಕೆ ಇಷ್ಟೊಂದು ನಿಷ್ಠೆಯನ್ನು ನಾನು ನಿರೀಕ್ಷಿಸಿರಲಿಲ್ಲ.

ಈ ಹಳೆಯ ಲೆಕ್ಕವನ್ನೆಲ್ಲ ಈಗೇಕೆ ತೆಗೆಯುತ್ತಿದ್ದೇನೆಂದರೆ, ಐದನೆಯ ಆಟ 2025ರ ನವೆಂಬರ್ 4ರಂದು ಬಿಡುಗಡೆಯಾಗುತ್ತಿದೆ, ಮತ್ತು ನಾನು ಅದಕ್ಕಾಗಿ ಮಳೆಗೆ ಕಾಯುವ ಚಾತಕದಂತೆ ಕಾಯುತ್ತಿದ್ದೇನೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬಾರ್ಸಿಲೋನಾ ಬಳಿಯ ಪ್ಯಾರಡಾಕ್ಸ್ ಟಿಂಟೋ ಸ್ಟುಡಿಯೋ, ಯೋಹಾನ್ ಆಂಡರ್ಸನ್ ಅವರ ಮುಂದಾಳತ್ವದಲ್ಲಿ, 2024ರ ಫೆಬ್ರವರಿ ಕೊನೆಯಿಂದ ಪ್ರಾಜೆಕ್ಟ್ ಸೀಸರ್ ಎಂಬ ಗುಪ್ತನಾಮದಡಿ ವಾರವಾರವೂ ಆಟದ ಒಳಗುಟ್ಟುಗಳನ್ನು ಬಿಚ್ಚಿಡುತ್ತ ಬಂದಿದೆ. ಹೆಸರನ್ನು ಬಹಿರಂಗಪಡಿಸಿದ್ದು 2025ರ ಮೇ ತಿಂಗಳಲ್ಲಿ, ಅಷ್ಟರಲ್ಲಿ ಅದು ಯಾವ ಆಟವೆಂದು ತಿಳಿಯದವರು ಯಾರೂ ಉಳಿದಿರಲಿಲ್ಲ. ಆಕಾಶದಿಂದ ಉದುರುತ್ತಿದ್ದ ಆ ಹಳೆಯ ಪಾಯಿಂಟುಗಳು ಹೋಗಿ, ಆ ಜಾಗಕ್ಕೆ ಜನರು ಬಂದಿದ್ದಾರೆ. ಪ್ರತಿ ಸ್ಥಳದಲ್ಲೂ ಇಂತಿಷ್ಟು ರೈತರು, ಕಾರ್ಮಿಕರು, ಪುರೋಹಿತರು, ಶ್ರೀಮಂತರು, ಅವರವರ ಸಂಸ್ಕೃತಿ ಮತ್ತು ಧರ್ಮ. ರಾಜಧಾನಿಯಿಂದ ದೂರ ಹೋದಂತೆ ಅರಸನ ಹಿಡಿತ ಸಡಿಲವಾಗುತ್ತದೆ, ರಸ್ತೆಗಳು ಅದನ್ನು ಬಿಗಿ ಮಾಡುತ್ತವೆ.

ಇನ್ನು ಆರಂಭದ ವರ್ಷ. ಹಿಂದಿನ ಆಟ 1444ರಲ್ಲಿ ಶುರುವಾಗುತ್ತಿತ್ತು, ಇದು 1337ರಲ್ಲಿ ಶುರುವಾಗುತ್ತದೆ. ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳ ನೂರು ವರ್ಷಗಳ ಯುದ್ಧ ಹೊಸ್ತಿಲಲ್ಲಿದೆ. ಮಹಾಮಾರಿ ಪ್ಲೇಗ್ ಯುರೋಪನ್ನು ಹೊಗಲು ಇನ್ನು ಹತ್ತು ವರ್ಷ. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್ ಇದ್ದಾನೆ. ಪರಂಪರೆಯ ಲೆಕ್ಕದಂತೆ 1336ರಲ್ಲಿ ಸ್ಥಾಪನೆಯಾದ ವಿಜಯನಗರಕ್ಕೆ ಆಗ ಒಂದೇ ವರ್ಷ. ಹೊಯ್ಸಳರ ಮೂರನೆಯ ಬಲ್ಲಾಳ ಇನ್ನೂ ಬದುಕಿದ್ದಾನೆ. ಬಹಮನಿ ರಾಜ್ಯ ಹುಟ್ಟಬೇಕಾದದ್ದು 1347ರಲ್ಲಿ. ಹಕ್ಕನೋ ಬುಕ್ಕನೋ ಆಗಿ, ನಾಳೆ ಸಾಮ್ರಾಜ್ಯವಾಗುವುದೋ ಇಲ್ಲವೋ ತಿಳಿಯದ ಒಂದು ಹಸುಗೂಸು ರಾಜ್ಯವನ್ನು ಕೈಗೆತ್ತಿಕೊಳ್ಳುವ ಅವಕಾಶವನ್ನು ನೆನೆದರೆ ನನಗೆ ಈ ಸ್ಕ್ರಿಪ್ಟನ್ನು ಮುಂದೆ ಓದುವ ಮನಸ್ಸೇ ಆಗುವುದಿಲ್ಲ. ಆದರೂ ಓದುತ್ತೇನೆ, ಸಿಟ್ಟು ಇನ್ನೂ ಮುಗಿದಿಲ್ಲ.

ಆಟ ಬರುವ ಮೊದಲೇ ಪ್ರೀಮಿಯಂ ಆವೃತ್ತಿಯ ಜೊತೆ ಮೂರು ವಿಸ್ತರಣೆಗಳನ್ನು ಘೋಷಿಸಲಾಗಿದೆ. ಅವುಗಳಲ್ಲಿ ಫೇಟ್ ಆಫ್ ದಿ ಫೀನಿಕ್ಸ್ ಎಂಬುದು ಬೈಜಾಂಟಿಯಂ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಕುರಿತದ್ದು. ಇದನ್ನು ಕೇಳಿ ನಾನು ಕಿರುಚುತ್ತೇನೆಂದು ಕಾದಿದ್ದವರಿಗೆ ನಿರಾಸೆಯಾಗಲಿ. ಇದು ಕಥೆ! ನೈಸಿಯಾ ನಗರ 1331ರಲ್ಲಿ ಆಟೊಮನ್ ಅರಸ ಓರ್ಹಾನನ ಕೈಸೇರಿ, 1337ರಲ್ಲಿ ನಿಕೊಮೀಡಿಯಾ ಕೂಡ ಹೋಗಿ, ಕಾನ್‌ಸ್ಟಾಂಟಿನೋಪಲ್‌ನ ಗೋಡೆಯ ಮೇಲೆ ನಿಂತವನಿಗೆ ಆಚೆ ದಡದ ಬಹುಪಾಲು ಪರರ ನೆಲವಾಗಿ ಕಾಣುವ ಹೊತ್ತಿನಲ್ಲಿ ಒಂದು ಸಾಮ್ರಾಜ್ಯವನ್ನು ಕೈಗೆ ಕೊಡುತ್ತಾರೆ ಎಂದರೆ, ಅದರ ಘಟನೆಗಳಿಗೂ ಒಳಜಗಳಗಳಿಗೂ ನಾನು ದುಡ್ಡು ಕೊಡಬಲ್ಲೆ. ಬೈಜಾಂಟಿಯಂ ಬೇಡವಾದವನು ಕೊಳ್ಳದೇ ಇದ್ದರೆ ಅವನ ಆಟದ ಒಂದು ಕೂದಲೂ ಕೊಂಕುವುದಿಲ್ಲ. ಇದೇ ನನ್ನ ಒರೆಗಲ್ಲು. ನನ್ನ ಭಯ ಮೊದಲ ವರ್ಷದ ವಿಸ್ತರಣೆಗಳದ್ದಲ್ಲ. ಕಥೆಗಳ ಉತ್ಸಾಹ ಇಳಿದು, ಮಾರಾಟದ ಒತ್ತಡ ಏರಿ, "ಜನಸಂಖ್ಯೆಯನ್ನು ಸ್ಥಳಾಂತರಿಸುವ ಹೊಸ ಸೌಲಭ್ಯ, ಈ ವಿಸ್ತರಣೆಯಲ್ಲಿ ಮಾತ್ರ" ಎಂಬ ಸಾಲು ಜಾಹೀರಾತಿನಲ್ಲಿ ಇಣುಕುವ ಮೂರನೆಯ, ನಾಲ್ಕನೆಯ ವರ್ಷದ್ದು.

ಈ ಭಯಕ್ಕೂ ಆಧಾರವಿದೆ. ಹಿಂದಿನ ಆಟಕ್ಕೆ ಟಿಂಟೋ ಮಾಡಿದ ಮೊದಲ ವಿಸ್ತರಣೆ 2021ರ ಏಪ್ರಿಲ್‌ನ ಲೆವಿಯಾಥನ್. ಡೆವಲಪ್‌ಮೆಂಟನ್ನು ಸುತ್ತಮುತ್ತಲಿನಿಂದ ಹೀರಿ ರಾಜಧಾನಿಗೆ ತರುವ ಗುಂಡಿ, ಸೋತವನ ರಾಜಧಾನಿಯನ್ನು ಲೂಟಿ ಮಾಡುವ ಗುಂಡಿ. ಗುಂಡಿ, ಗುಂಡಿ, ಗುಂಡಿ! ದೋಷಗಳೊಂದಿಗೆ ಬಂದ ಆ ವಿಸ್ತರಣೆಗೆ ಆಟಗಳನ್ನು ಮಾರುವ ಸ್ಟೀಮ್ ತಾಣದಲ್ಲಿದ್ದ ಪುಟ ಕೆಟ್ಟ ವಿಮರ್ಶೆಗಳಲ್ಲಿ ಮುಳುಗಿಹೋಯಿತು, ಆಂಡರ್ಸನ್ ಬಹಿರಂಗವಾಗಿ ಕ್ಷಮೆ ಕೇಳಿದರು. ಕ್ಷಮೆ ಕೇಳಿದ್ದು ದೊಡ್ಡ ಗುಣ, ಒಪ್ಪಿದೆ. ಅದರಿಂದ ಪಾಠ ಕಲಿತರೋ ಇಲ್ಲವೋ ಎಂಬುದು ನವೆಂಬರ್ ನಂತರದ ಪ್ರಶ್ನೆ.

ಈಗ ಆ ಮಹನೀಯರ ಮತ್ತು ಅವರ ಅನುಯಾಯಿಗಳ ವಾದಗಳು. "ಜೊತೆಯಾಟದಲ್ಲಿ ಆಟವನ್ನು ನಡೆಸುವ ಹೋಸ್ಟ್ ಬಳಿ ವಿಸ್ತರಣೆ ಇದ್ದರೆ ಸಾಕಲ್ಲ" ಎನ್ನುತ್ತಾರೆ. ಇರಬಹುದು. ಐದು ನೂರು ವರ್ಷಗಳ ಆಟವನ್ನು ಗೆಳೆಯನ ಬಿಡುವಿನ ಸಮಯ ನೋಡಿಕೊಂಡು ಆಡುವ ಯೋಗ ನಿಮಗಿದ್ದರೆ ನಿಮ್ಮ ಗೆಳೆಯನಿಗೆ ನನ್ನ ನಮಸ್ಕಾರ ತಿಳಿಸಿ. "2021ರಲ್ಲೇ ತಿಂಗಳ ಚಂದಾ ಬಂತಲ್ಲ" ಎನ್ನುತ್ತಾರೆ. ಅಂದರೆ ಗುಂಡಿ ಮಾರಾಟಕ್ಕೂ ಇತ್ತು, ಬಾಡಿಗೆಗೂ ಇತ್ತು. ಇದು ಸಮಾಧಾನವೋ ಗಾಯದ ಮೇಲೆ ಬರೆಯೋ ನೀವೇ ಹೇಳಿ. "ಯಾರೂ ಬಲವಂತ ಮಾಡಿಲ್ಲ" ಎನ್ನುತ್ತಾರೆ. ಮೇಲೆ ಹೇಳಿದ ವಿಜಯನಗರದ ಆಟಗಾರನ ಬಳಿ ಹೋಗಿ ಅದನ್ನು ಹೇಳಿ, ಅವನು ಇನ್ನೂ ನವೋದಯಕ್ಕಾಗಿ ಕಾಯುತ್ತಿದ್ದಾನೆ.

ಒಬ್ಬರು ಮಾತ್ರ ಸ್ವಲ್ಪ ಓದಿಕೊಂಡು ಬಂದಿದ್ದಾರೆ. ಇದೇ ಪ್ಯಾರಡಾಕ್ಸ್‌ನ 2012ರ ಆಟ ಕ್ರುಸೇಡರ್ ಕಿಂಗ್ಸ್ 2 ವಿಸ್ತರಣೆಗಳಿಂದಲೇ ವರ್ಷಗಟ್ಟಲೆ ಬದುಕಿ, ಕೊನೆಗೆ 2019ರಲ್ಲಿ ಮೂಲ ಆಟವೇ ಉಚಿತವಾಯಿತಲ್ಲ ಎಂದು ಕೇಳಿದ್ದಾರೆ. ನಾನು ಹೇಳುತ್ತಿರುವುದೂ ಅದನ್ನೇ! ವೈಕಿಂಗರು, ಸುಲ್ತಾನರು, ಭಾರತದ ರಾಜರು, ಎಲ್ಲ ಕಥೆಗಳೇ. "ಆದರೆ ಸುಲ್ತಾನರು ನಕ್ಷೆಯಲ್ಲಿ ಮೊದಲಿನಿಂದಲೂ ಇದ್ದರು, ಅವರನ್ನು ಆಡುವ ಹಕ್ಕನ್ನು ಮಾತ್ರ ಮಾರಿದರು, ಅದು ಬೀಗವಲ್ಲವೇ" ಎಂದು ಅವರೇ ಎರಡನೆಯ ಸಾಲಿನಲ್ಲಿ ಕೇಳಿದ್ದಾರೆ. ಅದು ಬೇರೆ ವಿಷಯ. ಹೇಗೆ ಬೇರೆ ಎಂಬುದನ್ನು ವಿವರಿಸಲು ಪ್ರತ್ಯೇಕ ಸಂಚಿಕೆಯೇ ಬೇಕಾಗುತ್ತದೆ, ಅದು ಚಾನೆಲ್‌ನ ಸದಸ್ಯರಿಗೆ ಮಾತ್ರ ಲಭ್ಯವಾಗುತ್ತದೆ.

ನಗಬೇಡಿ. ನಗುವಿರೆಂದು ಗೊತ್ತಿತ್ತು. ಸದಸ್ಯರಿಗೆ ಮಾತ್ರ ಸಂಚಿಕೆ ಮಾಡುವವನು ಡಿಎಲ್‌ಸಿ ಬಗ್ಗೆ ಮಾತನಾಡಬಹುದೇ ಎಂದು ಈಗಾಗಲೇ ಯಾರೋ ಬೆರಳು ಮಸೆಯುತ್ತಿದ್ದೀರಿ. ನಾನು ಮಾರುವುದು ಹೆಚ್ಚಿನ ಕಥೆ, ಸ್ವಾಮಿ. ಈ ಸಂಚಿಕೆಯ ಧ್ವನಿಯನ್ನು ಏರಿಸುವ ಗುಂಡಿಗೆ ನಾನು ಬೆಲೆ ಕಟ್ಟಿಲ್ಲ. ಸದಸ್ಯರಾಗುವ ಕೊಂಡಿ ಕೆಳಗಿದೆ.

ಇನ್ನೊಂದು ಸಂಗತಿ. ಐದನೆಯ ಆಟದ ನಕ್ಷೆಯನ್ನು ತಿದ್ದಿದ್ದು ಯಾರು? ನಾವು, ಅಂದರೆ ಆಟಗಾರರು. ಒಂದೊಂದು ಪ್ರದೇಶದ ಕರಡು ನಕ್ಷೆಯನ್ನು ಟಿಂಟೋದವರು ಪ್ರಕಟಿಸಿದಾಗ, ಈ ನದಿ ಇಲ್ಲಿ ಹರಿಯುವುದಿಲ್ಲ, ಈ ಊರಿನ ಹೆಸರಿನ ಕಾಗುಣಿತ ಇದಲ್ಲ, ಈ ಕಾಲಕ್ಕೆ ಇಲ್ಲಿನ ಜನರ ಭಾಷೆ ಬೇರೆ ಎಂದು ಹಳೆಯ ಪುಸ್ತಕಗಳನ್ನು ತೆಗೆದು, ರಾತ್ರಿ ನಿದ್ದೆಗೆಟ್ಟು, ಬಿಡಿಗಾಸಿಲ್ಲದೆ ಬರೆದು ಕಳಿಸಿದವರು ನಾವು. ಟಿಂಟೋದವರು ಅದನ್ನು ಓದಿದರು, ನಕ್ಷೆಗಳನ್ನು ತಿದ್ದಿ ಮತ್ತೆ ಪ್ರಕಟಿಸಿದರು. ಅದಕ್ಕೆ ಭೇಷ್ ಎನ್ನಲೇಬೇಕು. ನಕ್ಷೆಗೆ ಇಷ್ಟೊಂದು ಕೈಗಳು ಉಚಿತವಾಗಿ ದುಡಿದ ಮೇಲೆ ಅದರ ಮೇಲಿನ ಗುಂಡಿಗೆ ಬೀಗ ಹಾಕಿದರೆ, ನಾನು, ನಾನು ಏನು ಮಾಡುತ್ತೇನೆ ಎಂದು ಸ್ಕ್ರಿಪ್ಟಿನಲ್ಲಿ ಬರೆದಿಲ್ಲ. ಇಲ್ಲಿ ಜಾಗ ಖಾಲಿ ಬಿಟ್ಟಿದ್ದೇನೆ.

ಏನೇ ಇರಲಿ, ಗುಂಡಿ ಮಾರಬಾರದು. ಯಾಕೆ ಎಂದು ಮತ್ತೆ ಕೇಳಿದರೆ ಮಾರಬಾರದು, ಅಷ್ಟೇ. ನವೆಂಬರ್ 4ರಂದು ಆಟ ಡೌನ್‌ಲೋಡ್ ಆದ ತಕ್ಷಣ ನಾನು ಯುದ್ಧ ಸಾರುವುದಿಲ್ಲ, ಮದುವೆ ಸಂಬಂಧ ಹುಡುಕುವುದಿಲ್ಲ. ಒಂದೊಂದೇ ಕಿಟಕಿಯನ್ನು ತೆರೆದು, ಬೂದು ಬಣ್ಣಕ್ಕೆ ತಿರುಗಿ ಒತ್ತಲು ಬಾರದ ಗುಂಡಿ ಎಲ್ಲಾದರೂ ಇದೆಯೇ ಎಂದು ಹುಡುಕುತ್ತೇನೆ. ಸಿಕ್ಕರೆ ಹೇಳಬೇಕಾದ ಸಂಚಿಕೆಯ ಶೀರ್ಷಿಕೆಯೂ ಥಂಬ್‌ನೇಲೂ ಈಗಾಗಲೇ ಸಿದ್ಧವಾಗಿವೆ. ಸಿಗದಿದ್ದರೆ, ಅಷ್ಟು ಚೆನ್ನಾಗಿ ಮೂಡಿಬಂದ ಥಂಬ್‌ನೇಲ್ ದಂಡವಾಗುತ್ತದಲ್ಲ ಎಂಬುದೊಂದೇ ಚಿಂತೆ.