ರಾತ್ರಿ ಪಾಳಿ ಬಿಡು, ನೌಕರಿ ಯಾಕ ಬಿಡ್ತಿ?

ಎಲ್ಲರಿಗೂ ನಮಸ್ಕಾರ. ರೊಟ್ಟಿ ಬಡಿಯುತ್ತ ಕೇಳುತ್ತಿದ್ದರೆ ಕೈ ನಿಲ್ಲಿಸಬೇಡಿ. ನಾನೂ ರೇಡಿಯೋ ಕೇಳುವುದು ಹಾಗೇ. ಇವತ್ತಿನ ಮಾತು ಸಣ್ಣ ಕೂಸಿದ್ದ ತಾಯಂದಿರಿಗೆ ಆಸ್ಪತ್ರೆ, ಆರೋಗ್ಯದ ಕೆಲಸಗಳಲ್ಲಿ ಯಾವುದು ಹೊಂದುತ್ತದೆ ಅನ್ನುವುದರ ಬಗ್ಗೆ.

ನಾನು ಬಾಗಲಕೋಟೆಯಲ್ಲಿ ನರ್ಸ್. ಮಗ ಹುಟ್ಟಿದ್ದು 2012ರಲ್ಲಿ. ಆಗ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ರಜೆ 12 ವಾರ ಮಾತ್ರ. ಕೂಸಿಗೆ ಕತ್ತು ನಿಲ್ಲುವ ಹೊತ್ತಿಗೆ ನಾನು ಡ್ಯೂಟಿಗೆ ಹಾಜರ್. ಆಗಿದ್ದ ಆಸ್ಪತ್ರೆಯಲ್ಲಿ ಬಂದ ವಾರವೇ ನೈಟ್ ಹಾಕಿದರು. ರಾತ್ರಿ ಎಂಟಕ್ಕೆ ಹೋದರೆ ಬೆಳಗ್ಗೆ ಎಂಟಕ್ಕೆ ಬಿಡುಗಡೆ. ಮೂರನೇ ರಾತ್ರಿ, ಎರಡು ಗಂಟೆ ಇರಬೇಕು, ಒಬ್ಬರಿಗೆ ಸಲೈನ್ ಬದಲಿಸುತ್ತಿದ್ದೆ. ಪಕ್ಕದ ವಾರ್ಡಿನಲ್ಲಿ ಯಾರದೋ ಕೂಸು ಅತ್ತಿತು. ಅಷ್ಟಕ್ಕೇ ನನ್ನ ಯೂನಿಫಾರಂ ಮುಂದೆಲ್ಲ ಒದ್ದೆ. ತಾಯಂದಿರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಬಚ್ಚಲಿಗೆ ಹೋಗಿ ಹಾಲು ಹಿಂಡಿ ಚೆಲ್ಲಿ ಬಂದೆ. ನೀರು ಬಿಟ್ಟು ತೊಳೆಯುವಾಗ ಅಳು ಬಂತು.

ಬೆಳಗ್ಗೆ ಮನೆಗೆ ಹೋದವಳೇ ನೌಕರಿ ಬಿಡುತ್ತೇನೆ ಅಂದೆ. ನಮ್ಮತ್ತೆ ಗುಳೇದಗುಡ್ಡದವರು, ಖಣ ನೇಯುವ ಮನೆಯಲ್ಲಿ ಬೆಳೆದವರು. ತೊಟ್ಟಿಲ ಹಗ್ಗ ಕಾಲ್ಬೆರಳಿಗೆ ಕಟ್ಟಿಕೊಂಡು ಕಂಡಿಕೆ ಸುತ್ತಿದವರು. "ರಾತ್ರಿ ಪಾಳಿ ಬ್ಯಾಡಂದ್ರ ರಾತ್ರಿ ಪಾಳಿ ಬಿಡು. ನೌಕರಿ ಯಾಕ ಬಿಡ್ತಿ?" ಅಂದರು.

ನನಗೆ ಅದು ಹೊಳೆದೇ ಇರಲಿಲ್ಲ, ನೋಡಿ. ಆಸ್ಪತ್ರೆ ಅಂದರೆ ವಾರ್ಡು, ವಾರ್ಡು ಅಂದರೆ ಮೂರು ಪಾಳಿ ಅಂತಲೇ ತಲೆಯಲ್ಲಿ ಕೂತಿತ್ತು. ಹಗಲು ನಡೆಯುವ ಕೋಣೆಗಳು ಅದೇ ಕಟ್ಟಡದಲ್ಲಿ ಎಷ್ಟಿವೆ! ಹೊರರೋಗಿ ವಿಭಾಗ, ಲಸಿಕೆ ಹಾಕುವ ಕೋಣೆ, ಫಿಸಿಯೋಥೆರಪಿ, ದಾಖಲೆ ವಿಭಾಗ. ನಾನು ಡಯಾಲಿಸಿಸ್ ಕೇಳಿದೆ. ಮೇಟ್ರನ್ ಮೊದಲು ಮುಖ ಗಂಟು ಹಾಕಿದರು. ಎರಡು ತಿಂಗಳು ಬಿಟ್ಟು ಜಾಗ ಖಾಲಿಯಾದಾಗ ಅವರೇ ಕರೆದರು. ಡಯಾಲಿಸಿಸ್‌ನಲ್ಲಿ ಒಬ್ಬ ರೋಗಿಗೆ ಸುಮಾರು ನಾಲ್ಕು ತಾಸು. ಯಾವ ದಿನ, ಎಷ್ಟು ಗಂಟೆಗೆ, ಯಾರು ಬರುತ್ತಾರೆ ಎಂಬುದು ಮೊದಲೇ ನಿಗದಿ. ತುರ್ತು ಬಂದಾಗ ಮಾತು ಬೇರೆ. ಉಳಿದ ದಿನ ಸಂಜೆ ಮನೆಗೆ ಹೋಗುವ ಹೊತ್ತು ಬೆಳಗ್ಗೆಯೇ ಗೊತ್ತಿರುತ್ತದೆ. ಕೂಸಿದ್ದವರಿಗೆ ಅದು ಸಣ್ಣ ಮಾತಲ್ಲ.

2017ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಮೊದಲ ಎರಡು ಮಕ್ಕಳಿಗೆ ರಜೆ 26 ವಾರ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಿಬರಬಹುದು. ಕೆಲಸ ಅಂಥದ್ದಿದ್ದರೆ ರಜೆ ಮುಗಿದ ಮೇಲೆ ಮನೆಯಿಂದಲೇ ಮಾಡಲು ಮಾಲೀಕರ ಜೊತೆ ಮಾತಾಡಿಕೊಳ್ಳಬಹುದು ಎಂದೂ ಇದೆ. ನಮಗೆ ಅದು ಆಗದ ಮಾತು, ಮನೆಯಿಂದ ಸಲೈನ್ ಹಚ್ಚಲು ಬರುವುದಿಲ್ಲವಲ್ಲ! ನನ್ನ ಮಗಳು 2018ರವಳು, ಅವಳಿಗೆ ಆರು ತಿಂಗಳು ಎದೆಹಾಲು ಪೂರ್ತಿ ಸಿಕ್ಕಿತು. ಆದರೆ ನಮ್ಮ ಕಡೆ ಸಣ್ಣ ನರ್ಸಿಂಗ್ ಹೋಂಗಳೇ ಜಾಸ್ತಿ. 50 ಜನ ಇಲ್ಲದ ಕಡೆ ಕೂಸಿನ ಮನೆ ಕೇಳುವುದು ಯಾರನ್ನು?

ಹಳ್ಳಿಯಲ್ಲಿ ಇರುವವರು ಆಶಾ ಕೆಲಸ ಒಳ್ಳೆಯದಲ್ಲವೇ ಅಂತ ಕೇಳುತ್ತಾರೆ. 2005ರಲ್ಲಿ ಶುರುವಾದ ಯೋಜನೆ. ಅದೇ ಊರಿನ ಹೆಣ್ಣುಮಗಳೇ ಆಗಬೇಕು, ಸಾಮಾನ್ಯವಾಗಿ 25ರಿಂದ 45 ವಯಸ್ಸು. ಊರು ಬಿಡಬೇಕಿಲ್ಲ, ಕಚೇರಿ ಟೈಮಿನ ಹಂಗಿಲ್ಲ. ಆದರೆ ಹೆರಿಗೆ ನೋವಿಗೂ ಟೈಮಿನ ಹಂಗಿಲ್ಲ. ನಡುರಾತ್ರಿ ಫೋನ್ ಬಂದರೆ ಗರ್ಭಿಣಿಯ ಜೊತೆ ಆಂಬ್ಯುಲೆನ್ಸ್ ಹತ್ತಲೇಬೇಕು. ಸಂಬಳ ಅನ್ನುವಂಥದ್ದಲ್ಲ, ಗೌರವಧನ ಮತ್ತು ಮಾಡಿದ ಕೆಲಸಕ್ಕೆ ಪ್ರೋತ್ಸಾಹಧನ. ಇದನ್ನು ಅನುಕೂಲದ ಕೆಲಸ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ. ಬಿಎಸ್ಸಿ ನರ್ಸಿಂಗ್ ಆದವರು ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆ ನೋಡಿ. ಹಗಲು ಕೆಲಸ, ಬಿಪಿ, ಶುಗರ್ ತಪಾಸಣೆ, ಬೇಕಾದರೆ ಇ-ಸಂಜೀವನಿಯಲ್ಲಿ ವಿಡಿಯೋ ಮೂಲಕ ಡಾಕ್ಟರ ಸಲಹೆ.

ಇನ್ನು ಮನೆಯಿಂದಲೇ ಮಾಡುವ ಮೆಡಿಕಲ್ ಕೋಡಿಂಗ್. ರೋಗಿಯ ದಾಖಲೆ ಓದಿ ಪ್ರತಿ ಕಾಯಿಲೆಗೆ ಗೊತ್ತುಮಾಡಿದ ಸಂಕೇತ ಬರೆಯುವುದು. ಸಾಮಾನ್ಯವಾಗಿ ಕಾಣುವ ಹೈ ಬಿಪಿಗೆ ಐ10, ಟೈಪ್ 2 ಶುಗರಿಗೆ ಇ11 ಹೀಗೆ. ವಿಮೆ ಹಣ ಪಾಸಾಗುವುದು ಇದರ ಮೇಲೆ. ನನ್ನ ಜೊತೆ ಕಲಿತವಳೊಬ್ಬಳು ಮಾಡುತ್ತಾಳೆ. ಒಮ್ಮೆ ಅವಳ ಮನೆಗೆ ಹೋಗಿದ್ದೆ. ಒಳಗೆ ಚಿಲಕ ಹಾಕಿಕೊಂಡು ಕೂತಿದ್ದಳು. ಬಾಗಿಲ ಕೆಳಗಿನ ಸಂದಿಯಿಂದ ಎರಡು ವರ್ಷದ ಮಗು ಬೆರಳು ತೂರಿಸುತ್ತಿತ್ತು, ಇವಳು ಒಳಗಿಂದ ಕಾಲ್ಬೆರಳು ಮುಟ್ಟಿಸುತ್ತ ಟೈಪ್ ಮಾಡುತ್ತಿದ್ದಳು. ಮನೆಯಲ್ಲೇ ಇದ್ದರೂ ಕೂಸು ಹಿಡಿಯಲು ಇನ್ನೊಬ್ಬರು ಬೇಕೇ ಬೇಕು. ಕೋರ್ಸ್ ಫೀಸ್ ಕಟ್ಟುವ ಮೊದಲು ಅಲ್ಲಿ ಕಲಿತ ಇಬ್ಬರನ್ನಾದರೂ ಹುಡುಕಿ ಮಾತಾಡಿಸಿ. ಕೆಲಸ ಗ್ಯಾರಂಟಿ ಅಂತ ಬೋರ್ಡ್ ಹಾಕಲು ಏನು ಖರ್ಚು?

ಇನ್ನೊಂದು ಮಾತು. ಕೆಲವು ವರ್ಷ ಮನೆಯಲ್ಲಿ ಇರುವುದೇ ಆದರೆ ನರ್ಸಿಂಗ್ ಕೌನ್ಸಿಲ್ ನೋಂದಣಿ ನವೀಕರಿಸುವುದನ್ನು ಮಾತ್ರ ಮರೆಯಬೇಡಿ. ಮರಳಿ ಬರುವಾಗ ಮೊದಲು ಕೇಳುವುದು ಅದನ್ನೇ.

ನನ್ನ ಮಗ ಈಗ ನನಗಿಂತ ಎತ್ತರ. ನಮ್ಮಲ್ಲಿ ಹೊಸದಾಗಿ ಬಂದ ಹುಡುಗಿಗೆ ಎಂಟು ತಿಂಗಳ ಕೂಸಿದೆ. ಈ ವಾರ ಅವಳ ಎರಡು ನೈಟ್ ನಾನು ತಗೊಂಡಿದ್ದೇನೆ. ಎಂಟಕ್ಕೆ ಚಾರ್ಜ್ ತಗೋಬೇಕು, ಬರುತ್ತೇನೆ. ನಮಸ್ಕಾರ.