ಹೋಗುವಾಗ ಹಳೇ ವಿಮಾನ, ಬರುವಾಗ ಹೊಸದು

ಈ ಸದ್ದನ್ನು ಒಂದು ಸಲ ಸುಮ್ನೆ ಕೇಳಿ. ನಾನು ಹತ್ತು ಸೆಕೆಂಡ್ ಮಾತಾಡುವುದಿಲ್ಲ.

ಕೇಳಿಸಿತಾ? ಮೊದಲು ಸಣ್ಣಗೆ ಒಂದು ಶಿಳ್ಳೆ. ಅದು ಏರುತ್ತಾ ಹೋಗುತ್ತದೆ. ಆಮೇಲೆ ಪ್ರೊಪೆಲ್ಲರ್ ನಿಧಾನಕ್ಕೆ ಒಂದು ಸುತ್ತು, ಇನ್ನೊಂದು ಸುತ್ತು. ನೋಡನೋಡುತ್ತಿದ್ದಂತೆ ನಾಲ್ಕು ಎಲೆಗಳೂ ಕರಗಿ ಒಂದು ಬೂದು ಬಣ್ಣದ ತಟ್ಟೆಯ ಹಾಗೆ ಕಾಣುತ್ತವೆ. ಸಾಬ್ 340 ವಿಮಾನ ಎದ್ದೇಳುವುದು ಹೀಗೆ. ಇನ್ನು ಸ್ವಲ್ಪ ದಿನ ಅಷ್ಟೇ, ಈ ರೂಟಿನಲ್ಲಿ ಈ ಸದ್ದು ಕೇಳಿಸುವುದಿಲ್ಲ.

ಇದು ಒಂದು ದ್ವೀಪಕ್ಕೆ ಹೋಗುವ ಮೂವತ್ತೈದು ನಿಮಿಷದ ಪ್ರಯಾಣ. ಇಲ್ಲಿ ಓಡುವ ಸಣ್ಣ ಏರ್‌ಲೈನ್ ತನ್ನ ಹಳೇ ಸಾಬ್‌ಗಳನ್ನೆಲ್ಲ ಒಂದೊಂದಾಗಿ ತೆಗೆದು, ಹೊಸ ಎಟಿಆರ್ 42-600 ವಿಮಾನಗಳನ್ನು ತರುತ್ತಿದೆ. ಈಗ ಎರಡೂ ಓಡುತ್ತಿವೆ. ಹಾಗಾಗಿ ಹೋಗುವುದಕ್ಕೆ ಹಳೆಯದು, ನಾಳೆ ಬೆಳಿಗ್ಗೆ ವಾಪಸ್ ಬರುವುದಕ್ಕೆ ಹೊಸದು ಎಂದು ನೋಡಿಕೊಂಡೇ ಟಿಕೆಟ್ ತೆಗೆದೆ.

ಒಳಗೆ ಬನ್ನಿ. ಬಾಗಿಲು ಮುಂದೆ ಇದೆ, ಪೈಲಟ್‌ಗಳ ಬೆನ್ನ ಹಿಂದೆಯೇ. ತಲೆ ಸ್ವಲ್ಪ ಬಗ್ಗಿಸಬೇಕು. ಎಡಗಡೆ ಒಂದೊಂದೇ ಸೀಟು, ಬಲಗಡೆ ಎರಡೆರಡು. ಮೂವತ್ನಾಲ್ಕು ಸೀಟು ಒಟ್ಟು. ಎಡಗಡೆಯ ಆ ಒಂಟಿ ಸೀಟಿಗೆ ಕಿಟಕಿಯೂ ಇದೆ, ಓಡಾಡುವ ದಾರಿಯೂ ಇದೆ, ಪಕ್ಕದಲ್ಲಿ ಯಾರೂ ಇಲ್ಲ. ಒಬ್ಬರೇ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಸೀಟು ಬೇರೆ ಯಾವ ವಿಮಾನದಲ್ಲೂ ನನಗೆ ಸಿಕ್ಕಿಲ್ಲ.

ಈ ವಿಮಾನದ ಕಥೆ ಸಣ್ಣದಾಗಿ ಹೇಳಿಬಿಡುತ್ತೇನೆ. ಸ್ವೀಡನ್‌ನ ಸಾಬ್ ಕಂಪನಿ ಮಾಡಿದ್ದು. ಮೊದಲ ಹಾರಾಟ 1983ರ ಜನವರಿಯಲ್ಲಿ. ಪ್ರಯಾಣಿಕರನ್ನು ಹೊರಲು ಶುರು ಮಾಡಿದ್ದು 1984ರಲ್ಲಿ. 1999ಕ್ಕೆ ತಯಾರಿಕೆ ನಿಂತುಹೋಯಿತು. ಅಷ್ಟರೊಳಗೆ 459 ವಿಮಾನ ಮಾಡಿದ್ದರು. ಅಂದರೆ ಇವತ್ತು ಹಾರುತ್ತಿರುವ ಸಾಬ್ 340ಗಳಲ್ಲಿ ಅತಿ ಚಿಕ್ಕ ವಯಸ್ಸಿನದಕ್ಕೂ ಇಪ್ಪತ್ತೈದು ದಾಟಿದೆ.

ವಯಸ್ಸಾದರೇನು, ಚೆನ್ನಾಗಿ ನೋಡಿಕೊಂಡರೆ ಆಯಿತಲ್ವಾ ಎಂದು ನೀವು ಕೇಳಬಹುದು. ನೋಡಿಕೊಳ್ಳುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಮಾನಕ್ಕೆ ವಯಸ್ಸಾಗುವುದು ಬರೀ ವರ್ಷದ ಲೆಕ್ಕದಲ್ಲಲ್ಲ. ಮೇಲೆ ಹೋದಾಗ ಹೊರಗಿನ ಗಾಳಿ ತೆಳುವಾಗುತ್ತದೆ. ನಾವು ಉಸಿರಾಡಬೇಕಲ್ಲ, ಅದಕ್ಕೆ ಒಳಗಿನ ಗಾಳಿಯ ಒತ್ತಡ ಜಾಸ್ತಿ ಇಟ್ಟಿರುತ್ತಾರೆ. ಆಗ ವಿಮಾನದ ಮೈ ಕಣ್ಣಿಗೆ ಕಾಣದಷ್ಟು ಉಬ್ಬುತ್ತದೆ. ಕೆಳಗೆ ಇಳಿದಾಗ ಮತ್ತೆ ಕುಗ್ಗುತ್ತದೆ. ಒಂದು ಹಾರಾಟಕ್ಕೆ ಒಂದು ಸಲ. ಖಂಡ ದಾಟುವ ದೊಡ್ಡ ಜೆಟ್‌ಗೆ ಇದು ದಿನಕ್ಕೆ ಎರಡು ಸಲ ಆದರೆ ಹೆಚ್ಚು. ಮೂವತ್ತೈದು ನಿಮಿಷದ ರೂಟಿನಲ್ಲಿ ಓಡುವ ಈ ಪುಟ್ಟ ವಿಮಾನಕ್ಕೆ ದಿನಕ್ಕೆ ಎಂಟು ಸಲ. ಚಕ್ರ ನೆಲಕ್ಕೆ ಬಡಿಯುವುದೂ ಎಂಟು ಸಲ. ಅದಕ್ಕೇ ಮೆಕ್ಯಾನಿಕ್‌ಗಳು ಗಂಟೆಯ ಲೆಕ್ಕದ ಜೊತೆಗೆ ಎಷ್ಟು ಸಲ ಹಾರಿ ಇಳಿಯಿತು ಎನ್ನುವ ಲೆಕ್ಕವನ್ನೂ ಬರೆದಿಡುತ್ತಾರೆ. ಆ ಸಂಖ್ಯೆ ಏರಿದಷ್ಟೂ ತಪಾಸಣೆ ಜಾಸ್ತಿ, ಷೆಡ್‌ನಲ್ಲಿ ನಿಲ್ಲುವ ದಿನ ಜಾಸ್ತಿ. ತಯಾರಿಕೆ ನಿಂತ ವಿಮಾನಕ್ಕೆ ಬಿಡಿಭಾಗ ಹುಡುಕುವುದೂ ಕಷ್ಟ. ಎಷ್ಟೋ ಭಾಗಗಳು ಸಿಗುವುದು, ಹಾರಾಟ ನಿಲ್ಲಿಸಿದ ಇನ್ನೊಂದು ಸಾಬ್‌ನ ಮೈಯಿಂದ ಬಿಚ್ಚಿ ತೆಗೆದಾಗ ಮಾತ್ರ.

ಈಗ ಕಿಟಕಿಯ ಹೊರಗೆ ನೋಡಿ. ರೆಕ್ಕೆಯ ಮುಂದಿನ ಅಂಚಿಗೆ ಕಪ್ಪು ಪಟ್ಟಿ ಇದೆಯಲ್ಲ, ಅದು ರಬ್ಬರ್. ಮೋಡದೊಳಗೆ ಬಂದಿದ್ದೇವೆ. ಅಂಚಿನ ಮೇಲೆ ಬಿಳಿಯಾಗಿ, ಉಪ್ಪು ಮೆತ್ತಿದ ಹಾಗೆ ಮಂಜುಗಡ್ಡೆ ಕೂತಿದೆ. ಕಣ್ಣು ಮಿಟುಕಿಸಬೇಡಿ... ಈಗ! ರಬ್ಬರ್ ಒಳಗೆ ಗಾಳಿ ತುಂಬಿ ಉಬ್ಬಿತು, ಮೇಲಿದ್ದ ಗಡ್ಡೆ ಚೂರಾಗಿ ಹಾರಿಹೋಯಿತು. ಮತ್ತೆ ಕಪ್ಪು ಪಟ್ಟಿ. ಇದನ್ನು ಇಷ್ಟು ಹತ್ತಿರದಿಂದ ನೋಡುವುದಕ್ಕೆ ಆಗಿದ್ದು ಸಾಬ್‌ನ ರೆಕ್ಕೆ ಕಿಟಕಿಗಿಂತ ಕೆಳಗೆ ಇರುವುದರಿಂದ. ನಾಳೆಯ ವಿಮಾನದಲ್ಲೂ ಇದೇ ರಬ್ಬರ್ ಪಟ್ಟಿ ಇದೆ. ಆದರೆ ಅದರ ರೆಕ್ಕೆ ನಮ್ಮ ತಲೆಯ ಮೇಲೆ.

ಮರುದಿನ ಬೆಳಿಗ್ಗೆ. ದ್ವೀಪದ ಏರ್‌ಪೋರ್ಟ್. ಒಂದೇ ಗೇಟು, ಒಂದೇ ಕೋಣೆ. ಹೊರಗೆ ನಿಂತಿದೆ ನೋಡಿ, ಹೊಸ ಎಟಿಆರ್.

ಕಾಯುತ್ತಿರುವವರಲ್ಲಿ ಒಬ್ಬರು ವಯಸ್ಸಾದ ಹೆಂಗಸು ನನ್ನ ಕ್ಯಾಮೆರಾ ನೋಡಿ ಮಾತಿಗೆ ಸಿಕ್ಕಿದರು. ತಿಂಗಳಿಗೊಮ್ಮೆ ಮಂಡಿನೋವಿಗೆ ಡಾಕ್ಟರ್ ನೋಡಲು ಆಚೆ ದಡಕ್ಕೆ ಹೋಗಿಬರುತ್ತಾರಂತೆ. ಸಾಬ್‌ನಲ್ಲಿ ಅವರಿಗೆ ಯಾವಾಗಲೂ ಎಡಗಡೆಯ ಒಂಟಿ ಸೀಟು, ರೆಕ್ಕೆಯ ಪಕ್ಕದ್ದು. ಎಷ್ಟೋ ವರ್ಷದಿಂದ ಅದೇ ಸೀಟು. ಹೊಸ ವಿಮಾನದಲ್ಲಿ ಒಂಟಿ ಸೀಟು ಇಲ್ಲ ಎಂದು ಅವರಿಗೆ ಬೇಜಾರು. ಇನ್ನೊಂದು ಮಾತೂ ಕೇಳಿದರು. ಹೊಸದು ತರುವುದೇ ಆದರೆ ಜೆಟ್ ತರಬಾರದಿತ್ತಾ? ಮತ್ತೆ ಫ್ಯಾನ್ ಇರುವ ವಿಮಾನವೇ ಯಾಕೆ?

ಈ ಪ್ರಶ್ನೆ ನನಗೆ ತುಂಬಾ ಜನ ಕೇಳುತ್ತಾರೆ. ಫ್ಯಾನ್ ಕಂಡರೆ ಹಳೇ ಕಾಲದ್ದು ಅನ್ನಿಸುತ್ತದೆ. ಆದರೆ ಒಂದು ವಿಷಯ ಕೇಳಿ. ಟರ್ಬೊಪ್ರಾಪ್ ಎಂಜಿನ್‌ನ ಪ್ರಯಾಣಿಕ ವಿಮಾನ ಮೊದಲು ಹಾರಿದ್ದು 1948ರ ಜುಲೈನಲ್ಲಿ, ಬ್ರಿಟನ್‌ನ ವೈಕೌಂಟ್. ಜೆಟ್ ಪ್ರಯಾಣಿಕ ವಿಮಾನ ಮೊದಲು ಹಾರಿದ್ದು 1949ರ ಜುಲೈನಲ್ಲಿ, ಅದೇ ಬ್ರಿಟನ್‌ನ ಕಾಮೆಟ್. ನಡುವೆ ಒಂದೇ ವರ್ಷ. ಎರಡೂ ಒಂದೇ ಓರಗೆಯವು! ಒಳಗಿನ ಯಂತ್ರವೂ ಹೆಚ್ಚುಕಡಿಮೆ ಒಂದೇ. ಟರ್ಬೊಪ್ರಾಪ್ ಒಳಗೂ ಜೆಟ್‌ನಲ್ಲಿರುವಂಥ ಟರ್ಬೈನೇ ಇರುವುದು. ಅದರ ಶಕ್ತಿಯ ಬಹುಪಾಲನ್ನು ಗೇರ್ ಮೂಲಕ ಪ್ರೊಪೆಲ್ಲರ್‌ಗೆ ಕೊಡುತ್ತಾರೆ. ಒಳಗೆ ಟರ್ಬೈನ್ ನಿಮಿಷಕ್ಕೆ ಸಾವಿರ ಸಾವಿರ ಸುತ್ತು ತಿರುಗುತ್ತದೆ, ಹೊರಗೆ ಎಟಿಆರ್‌ನ ಪ್ರೊಪೆಲ್ಲರ್ ಹೆಚ್ಚೆಂದರೆ 1,200 ಸುತ್ತು.

ಇದರಿಂದ ಏನು ಲಾಭ? ಜೆಟ್ ಸ್ವಲ್ಪ ಗಾಳಿಯನ್ನು ಜೋರಾಗಿ ಹಿಂದಕ್ಕೆ ತಳ್ಳುತ್ತದೆ. ಪ್ರೊಪೆಲ್ಲರ್ ತುಂಬಾ ಗಾಳಿಯನ್ನು ಮೆಲ್ಲಗೆ ತಳ್ಳುತ್ತದೆ. ಮೆಲ್ಲಗೆ ಹಾರುವಾಗ ಎರಡನೆಯದಕ್ಕೆ ಇಂಧನ ಕಡಿಮೆ ಸಾಕು. ಇದೇ ಗಾತ್ರದ ಜೆಟ್‌ಗೆ ಹೋಲಿಸಿದರೆ ಶೇಕಡ 45ರವರೆಗೆ ಇಂಧನ ಉಳಿಯುತ್ತದೆ ಎಂದು ಎಟಿಆರ್ ಕಂಪನಿ ಹೇಳುತ್ತದೆ. ಕಂಪನಿಯ ಮಾತು, ಸ್ವಲ್ಪ ಕಳೆದೇ ಹಿಡಿಯೋಣ. ಆದರೂ ವ್ಯತ್ಯಾಸ ದೊಡ್ಡದೇ. ಇನ್ನು ಸಮಯ? ಇದು ಗಂಟೆಗೆ ಸುಮಾರು 500 ಕಿಲೋಮೀಟರ್ ಹೋಗುತ್ತದೆ, ಜೆಟ್ 800. ಮುನ್ನೂರು ಕಿಲೋಮೀಟರ್ ಒಳಗಿನ ದಾರಿಯಲ್ಲಿ ಜೆಟ್ ಮೇಲಕ್ಕೆ ಹತ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಉಳಿಯುವುದು ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೆ ಅಷ್ಟೊಂದು ಇಂಧನ ಸುಟ್ಟರೆ ಟಿಕೆಟ್ ದರ ಏರುತ್ತದೆ. ದರ ಏರಿದರೆ ಜನ ಕಮ್ಮಿ, ಜನ ಕಮ್ಮಿಯಾದರೆ ದಿನಕ್ಕೆ ನಾಲ್ಕಿದ್ದ ವಿಮಾನ ಎರಡಾಗುತ್ತದೆ. ಡಾಕ್ಟರ್ ನೋಡಿಕೊಂಡು ಅದೇ ಸಂಜೆ ಮನೆಗೆ ವಾಪಸ್ ಬರುವುದಕ್ಕೆ ಆಗುವುದಿಲ್ಲ. ದೊಡ್ಡ ಊರಿನವರಿಗೆ ಇದು ಅಷ್ಟಾಗಿ ತಟ್ಟದಿರಬಹುದು. ಇಲ್ಲಿಯವರಿಗೆ ಈ ವಿಮಾನವೇ ಬಸ್ಸು.

ಅಲ್ಲದೆ, ಐವತ್ತು ಸೀಟಿನ ಜೆಟ್ ಹೊಸದಾಗಿ ಕೊಳ್ಳೋಣ ಎಂದರೂ ಈಗ ಅಂಗಡಿಯಲ್ಲಿ ಮಾಲೇ ಇಲ್ಲ. ಕೆನಡಾದ ಬೊಂಬಾರ್ಡಿಯರ್ ಕಂಪನಿ ಶುರು ಮಾಡಿದ್ದ ಸಿಆರ್‌ಜೆ ಎಂಬ ಸಣ್ಣ ಜೆಟ್‌ಗಳ ಸಾಲಿನ ಕೊನೆಯ ವಿಮಾನ 2021ರಲ್ಲಿ ಹೊರಬಂತು. ಟರ್ಬೊಪ್ರಾಪ್‌ಗಳಲ್ಲೂ ಅಷ್ಟೇ. ಎಟಿಆರ್‌ಗೆ ಸರಿಸಮನಾಗಿ ನಿಂತಿದ್ದ ಕೆನಡಾದ ಡ್ಯಾಶ್ 8-400 ತಯಾರಿಕೆ ಕೂಡ 2021ರಲ್ಲಿ ನಿಂತಿತು. ಇದಕ್ಕಿಂತ ವೇಗದ ವಿಮಾನ ಅದು, ನನಗೆ ತುಂಬಾ ಇಷ್ಟದ್ದು. ಈಗ ಇಷ್ಟು ದೊಡ್ಡ ಟರ್ಬೊಪ್ರಾಪ್ ಹೊಸದಾಗಿ ಬೇಕಾದರೆ ಹೆಚ್ಚಿನ ಏರ್‌ಲೈನ್‌ಗಳು ಹೋಗಬೇಕಾದ್ದು ಎಟಿಆರ್ ಇರುವ ಫ್ರಾನ್ಸ್‌ನ ಟುಲೂಸ್‌ಗೆ. ಒಬ್ಬರೇ ಮಾರುವವರು ಇರುವುದು ಕೊಳ್ಳುವವರಿಗೆ ಒಳ್ಳೆಯದಲ್ಲ. ಇದು ನನಗೆ ನಿಜಕ್ಕೂ ಚಿಂತೆಯ ವಿಷಯ.

ಎಟಿಆರ್ ಹುಟ್ಟಿದ್ದು 1981ರಲ್ಲಿ, ಫ್ರಾನ್ಸ್ ಮತ್ತು ಇಟಲಿಯ ಕಂಪನಿಗಳು ಕೈಜೋಡಿಸಿ. ಅದರ 42 ಮಾದರಿ ಮೊದಲು ಹಾರಿದ್ದು 1984ರಲ್ಲಿ. ಹಾಗಾದರೆ ಇದೂ ಸಾಬ್‌ನಷ್ಟೇ ಹಳೆಯದಲ್ವಾ? ವಿನ್ಯಾಸ ಹಳೆಯದು, ಹೌದು. ಆದರೆ ಈ ವಿಮಾನ ಹೊಸದು. ಪೈಲಟ್‌ಗಳ ಮುಂದೆ ಗಡಿಯಾರದಂಥ ಮುಳ್ಳುಗಳ ಸಾಲಿಲ್ಲ, ಐದು ದೊಡ್ಡ ಸ್ಕ್ರೀನ್ ಇವೆ. ಸಾಬ್ ಓಡಿಸುತ್ತಿದ್ದ ಪೈಲಟ್‌ಗಳು ಇದಕ್ಕಾಗಿ ಪಾಠಕ್ಕೆ ಕೂತು, ಸಿಮ್ಯುಲೇಟರ್‌ನಲ್ಲಿ ಪರೀಕ್ಷೆ ಪಾಸಾಗಿ ಹೊಸದಾಗಿ ಅನುಮತಿ ಪಡೆಯಬೇಕು. ಅಷ್ಟು ದಿನ ಅವರು ಹಳೇ ವಿಮಾನ ಹಾರಿಸುವುದಕ್ಕೆ ಸಿಗುವುದಿಲ್ಲ. ವಿಮಾನ ಬದಲಾಯಿಸುವುದರಲ್ಲಿ ಅತಿ ಕಷ್ಟದ ಭಾಗ ಇದು ಎಂದು ನನಗನ್ನಿಸುತ್ತದೆ. ಹಳೆಯದು ನಿಲ್ಲಬಾರದು, ಹೊಸದು ತಡವಾಗಬಾರದು.

ಸೀಟು 48. ಈ ಸಂಖ್ಯೆಗೂ ಕಾರಣ ಇದೆ. ಐವತ್ತು ಸೀಟಿಗೆ ಒಬ್ಬರು ಕ್ಯಾಬಿನ್ ಸಿಬ್ಬಂದಿ ಇರಬೇಕು ಎನ್ನುವುದು ಹೆಚ್ಚಿನ ಕಡೆ ಇರುವ ನಿಯಮ. ಸಾಬ್‌ನ ಮೂವತ್ನಾಲ್ಕು ಸೀಟಿಗೂ ಒಬ್ಬರೇ, ಇದರ ನಲವತ್ತೆಂಟಕ್ಕೂ ಒಬ್ಬರೇ. ಪೈಲಟ್‌ಗಳೂ ಇಬ್ಬರೇ. ಅಷ್ಟೇ ಜನ ಸಿಬ್ಬಂದಿ, ಹದಿನಾಲ್ಕು ಸೀಟು ಜಾಸ್ತಿ.

ಕರೆ ಬಂತು, ಹತ್ತೋಣ. ಇಲ್ಲೊಂದು ಮಜಾ ನೋಡಿ. ಇದರ ಬಾಗಿಲು ಬಾಲದ ಹತ್ತಿರ. ಲಗೇಜ್ ತುಂಬುವುದು ಮುಂದೆ, ಪೈಲಟ್ ಕೋಣೆಗೂ ಸೀಟುಗಳಿಗೂ ನಡುವೆ. ಸಾಬ್‌ಗೆ ಪೂರ್ತಿ ಉಲ್ಟಾ. ಬಾಲದ ಕೆಳಗೆ ಒಂದು ಕೋಲು ಊರಿ ನಿಲ್ಲಿಸಿದ್ದಾರೆ, ಕಾಣುತ್ತಿದೆಯಾ? ಎಲ್ಲರೂ ಹಿಂದಿನಿಂದ ಹತ್ತುವಾಗ ಭಾರ ಹಿಂದಕ್ಕೆ ವಾಲಿ ಮೂಗು ಮೇಲೆದ್ದುಬಿಡಬಾರದಲ್ಲ, ಅದಕ್ಕೆ. ಹೊರಡುವ ಮುಂಚೆ ಒಬ್ಬರು ಬಂದು ಅದನ್ನು ಬಿಚ್ಚಿಕೊಂಡು ಹೋಗುತ್ತಾರೆ.

ಇನ್ನೊಂದು. ಬಲಗಡೆಯ ಎಂಜಿನ್ ಸದ್ದು ಬರುತ್ತಿದೆ, ಆದರೆ ಅದರ ಪ್ರೊಪೆಲ್ಲರ್ ನಿಂತೇ ಇದೆ. ಒಳಗಿನ ಟರ್ಬೈನ್ ಓಡುತ್ತಾ ಕ್ಯಾಬಿನ್‌ಗೆ ಕರೆಂಟು, ತಂಪು ಗಾಳಿ ಕೊಡುತ್ತಿದೆ, ಪ್ರೊಪೆಲ್ಲರ್‌ಗೆ ಮಾತ್ರ ಬ್ರೇಕ್ ಹಾಕಿ ಹಿಡಿದಿದ್ದಾರೆ. ಹೋಟೆಲ್ ಮೋಡ್ ಎಂದು ಇದಕ್ಕೆ ಹೆಸರು. ಬೇರೆ ವಿಮಾನಗಳು ಈ ಕೆಲಸಕ್ಕೆ ಬಾಲದಲ್ಲಿ ಇನ್ನೊಂದು ಪುಟ್ಟ ಎಂಜಿನ್ ಇಟ್ಟುಕೊಂಡಿರುತ್ತವೆ. ಅದರ ಭಾರವೂ ಉಳಿಯಿತು, ಖರ್ಚೂ ಉಳಿಯಿತು. ಇಂಥ ಜಾಣತನ ಕಂಡರೆ ನನಗೆ ಎಲ್ಲಿಲ್ಲದ ಖುಷಿ.

ಆ ಹಿರಿಯರಿಗೆ ಎಡಗಡೆ ಹಿಂದಿನ ಸಾಲಿನ ಕಿಟಕಿ, ಪಕ್ಕದ ಸೀಟು ನನಗೆ. ಅಕ್ಕಪಕ್ಕ ಎರಡೆರಡೇ ಸೀಟು, ನಡುವೆ ಸಿಕ್ಕಿಕೊಳ್ಳುವವರು ಯಾರೂ ಇಲ್ಲ ಎಂದು ಅವರಿಗೆ ಹೇಳಿದೆ. ಅಷ್ಟೇನೂ ಸಮಾಧಾನ ಆದಂತೆ ಕಾಣಲಿಲ್ಲ.

ಬ್ರೇಕ್ ಬಿಟ್ಟರು. ಆರು ಎಲೆಗಳ ಪ್ರೊಪೆಲ್ಲರ್, ಸಾಬ್‌ನದಕ್ಕಿಂತ ಎರಡು ಜಾಸ್ತಿ. ಸದ್ದು ಬೇರೆಯೇ. ನಿನ್ನೆ ಎದೆಗೆ ಬಡಿಯುತ್ತಿತ್ತು, ಇವತ್ತು ಒಂದೇ ಸಮನೆ ಗುಂಯ್ಗುಡುತ್ತಿದೆ. ಹಿಂದೆ ಕೂತರೆ ಇನ್ನೂ ಕಡಿಮೆ, ಪ್ರೊಪೆಲ್ಲರ್ ದೂರ ಇರುತ್ತದೆ. ರನ್‌ವೇಯ ತುದಿಯಲ್ಲಿ ನಿನ್ನೆಯ ಸಾಬ್ ನಿಂತಿದೆ. ಗಾಳಿಗೆ ತಿರುಗದಿರಲಿ ಎಂದು ಪ್ರೊಪೆಲ್ಲರ್‌ಗೆ ಪಟ್ಟಿ ಕಟ್ಟಿದ್ದಾರೆ. ಮುಂದೆ ಅದು ಯಾರಿಗಾದರೂ ಸರಕು ಹೊರುತ್ತದೋ, ಇನ್ನೊಂದು ಸಾಬ್‌ಗೆ ಬಿಡಿಭಾಗವಾಗುತ್ತದೋ. ದಾಟುವಾಗ ನಾನು ಕೈ ಬೀಸಿದೆ.

ಟೇಕಾಫ್. ರನ್‌ವೇ ಇನ್ನೂ ಎಷ್ಟೋ ಬಾಕಿ ಇರುವಾಗಲೇ ನೆಲ ಬಿಟ್ಟೆವು. ಚಕ್ರ ಒಳಗೆ ಹೋದ ಸದ್ದು. ವಿಮಾನ ಎಡಕ್ಕೆ ವಾಲಿತು.

ರೆಕ್ಕೆ ಮೇಲಿದೆ. ಕೆಳಗೆ ಅಡ್ಡ ಏನೂ ಇಲ್ಲ. ಕಡಲು, ಬಂಡೆ, ದಾರಿ, ಮನೆಗಳು, ಎಲ್ಲ ಅಂಗೈಯಲ್ಲಿಟ್ಟ ಹಾಗೆ. ಪಕ್ಕದಲ್ಲಿದ್ದವರು ಹಣೆಯನ್ನು ಕಿಟಕಿಗೆ ಒತ್ತಿ ಕೂತಿದ್ದರು. ಇಷ್ಟು ವರ್ಷ ಅವರ ಕಿಟಕಿಯ ತುಂಬ ಇದ್ದದ್ದು ಸಾಬ್‌ನ ರೆಕ್ಕೆ. ಆಮೇಲೆ ನನ್ನ ತೋಳು ಹಿಡಿದು ಎಳೆದರು. ಕ್ಯಾಮೆರಾ ಅಲುಗಿದ್ದು ಅದಕ್ಕೇ, ಕ್ಷಮಿಸಿ. "ಅಲ್ಲಿ, ಅಲ್ಲಿ, ಕೆಂಪು ಹೆಂಚು ಕಾಣ್ತಾ ಇದೆಯಲ್ಲ, ಪಕ್ಕದಲ್ಲಿ ಬಟ್ಟೆ ಒಣಗಿಸಿದ್ದಾರೆ," ಎಂದರು. "ಅದು ನಮ್ಮ ಮನೆ. ಆ ಬಟ್ಟೆ ಬೆಳಿಗ್ಗೆ ನಾನೇ ಹಾಕಿ ಬಂದದ್ದು."