ಹೊಸ ಟ್ಯಾಂಕಲ್ಲಿ ಮರಿ ಮೀನು ಊಟ ಮುಟ್ಟದಿದ್ರೆ

ನಮಸ್ಕಾರ ಕೇಳುಗರೆ. ಏಂಜಲ್ ಮರಿನೋ ಗಪ್ಪಿ ಮರಿನೋ ತಂದು ಹೊಸ ಟ್ಯಾಂಕಿಗೆ ಬಿಟ್ಟಿರ್ತೀರ, ಮಕ್ಕಳೆಲ್ಲ ಗಾಜಿಗೆ ಮೂಗು ಒತ್ಕೊಂಡು ನಿಂತಿರ್ತಾರೆ, ಫುಡ್ ಹಾಕಿದ್ರೆ ಒಂದು ಮರಿನೂ ಹತ್ರ ಬರಲ್ಲ, ಎಲ್ಲಾ ಹೋಗಿ ಮೂಲೇಲಿ ಸೇರ್ಕೊಂಡಿರ್ತವೆ. ಪಾಪ ಹಸಿದಿರ್ತವೆ ಅಂತ ಇನ್ನೊಂದು ಚಿಟಿಕೆ ಹಾಕ್ತೀವಲ್ಲ, ದಯವಿಟ್ಟು ಅದೊಂದು ಮಾಡ್ಬೇಡಿ.

ತಿನ್ನದೆ ಉಳಿದ ಫುಡ್ ತಳದಲ್ಲಿ ಕೊಳೆತು ಅಮೋನಿಯಾ ಆಗತ್ತೆ. ಹಳೇ ಟ್ಯಾಂಕಲ್ಲಿ ಫಿಲ್ಟರ್ ಸ್ಪಾಂಜಲ್ಲಿರೋ ಬ್ಯಾಕ್ಟೀರಿಯಾ ಅದನ್ನ ಮೊದ್ಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಿ ಅಪಾಯ ಕಮ್ಮಿ ಮಾಡತ್ತೆ, ಹೊಸ ಟ್ಯಾಂಕಲ್ಲಿ ಆ ಬ್ಯಾಕ್ಟೀರಿಯಾ ಸರಿಯಾಗಿ ಬೆಳೆಯೋಕೆ ಸುಮಾರು 4ರಿಂದ 6 ವಾರ ಬೇಕು. ಅಮೋನಿಯಾ ಇರೋ ನೀರಲ್ಲಿ ಮೀನಿಗೆ ಹಸಿವೇ ಸತ್ತೋಗತ್ತೆ, ನೀವು ಹಾಕಿದಷ್ಟೂ ನೀರು ಇನ್ನೂ ಕೆಡತ್ತೆ. ಅದಕ್ಕೆ ಫುಡ್ ಡಬ್ಬಿ ಬದಲಾಯಿಸೋಕೆ ಮುಂಚೆ ಟೆಸ್ಟ್ ಕಿಟ್ ತಂದು ನೀರು ನೋಡಿ, ಅಮೋನಿಯಾ ನೈಟ್ರೈಟ್ ಎರಡೂ ಸೊನ್ನೆ ಇರ್ಬೇಕು. ಇಲ್ದಿದ್ರೆ ಕಾಲು ಭಾಗ ನೀರು ಬದಲಾಯಿಸಿ. ಗೊತ್ತಿರೋರ ಮನೇಲಿ ಆರೋಗ್ಯವಾಗಿರೋ ಹಳೇ ಟ್ಯಾಂಕಿದ್ರೆ ಅದರ ಸ್ಪಾಂಜಿನ ಒಂದು ತುಂಡು ತಂದು ನಿಮ್ಮ ಫಿಲ್ಟರ್‌ಗೆ ಹಾಕೊಳ್ಳಿ, ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಹಾಸನದಲ್ಲಿ ಹೇಮಾವತಿ ನೀರು, ಚಿಕ್ಕಮಗಳೂರಲ್ಲಿ ಯಗಚಿದೋ ಹಿರೇಕೊಳಲೆ ಕೆರೇದೋ, ನಲ್ಲೀಲಿ ಬರೋದಕ್ಕೆ ಕ್ಲೋರಿನ್ ಹಾಕಿರ್ತಾರೆ. ಬಕೆಟ್ಟಲ್ಲಿ ಒಂದು ದಿನ ತೆರೆದಿಟ್ಟು ಆಮೇಲೆ ಬಳಸಿ, ಅರ್ಜೆಂಟಿದ್ರೆ ಆಂಟಿ ಕ್ಲೋರಿನ್ ಹಾಕಿ.

ಇನ್ನು ನಮ್ಮ ಕಡೆ ಚಳಿ, ಇದನ್ನ ತುಂಬ ಜನ ಲೆಕ್ಕಕ್ಕೇ ಇಡಲ್ಲ. ಏಂಜಲ್ ಅಮೆಜಾನ್ ಕಡೆಯ ಮೀನು, ಮರಿಗಳಿಗೆ 26ರಿಂದ 28 ಡಿಗ್ರಿ ಬೆಚ್ಚಗಿನ ನೀರು ಬೇಕು. ಡಿಸೆಂಬರ್ ಜನವರಿ ರಾತ್ರಿ ನೀರು ತಣ್ಣಗಾದ್ರೆ ಮೀನಿನ ಮೈಯೂ ಅಷ್ಟೇ ತಣ್ಣಗಾಗತ್ತೆ, ಜೀರ್ಣ ಆಗೋದೇ ನಿಧಾನ ಆಗತ್ತೆ, ಹಂಗಿರುವಾಗ ಬೆಳಗ್ಗೆ ಎದ್ದ ತಕ್ಷಣ ಹಾಕಿದ್ರೆ ಎಲ್ಲಿ ತಿನ್ನತ್ತೆ? ಹೀಟರ್ ಇಡಿ, ಪಕ್ಕದಲ್ಲಿ ಒಂದು ಥರ್ಮಾಮೀಟರೂ ಇಡಿ. ಎಸ್ಟೇಟ್ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಯಾವಾಗ ಬರತ್ತೋ ಹೇಳೋಕಾಗಲ್ಲ, ಟ್ಯಾಂಕ್ ಸುತ್ತ ದಪ್ಪ ಕಂಬಳಿ ಸುತ್ತಿ, ಮೇಲ್ಗಡೆ ಮಾತ್ರ ಗಾಳಿ ಆಡೋಕೆ ಬಿಡಿ.

ನೀರು, ಬಿಸಿ ಎರಡೂ ಸರಿ ಇದ್ರೂ ಹೆದರಿಕೆ ಇರತ್ತೆ. ಮೊದಲ್ನೇ ದಿನ ಲೈಟ್ ಆಫ್ ಮಾಡಿ, ಅಡಗೋಕೆ ನಾಲ್ಕು ಗಿಡ ಹಾಕಿ, ಊಟ ಕೊಡ್ಲೇಬೇಡಿ. ಸ್ವಲ್ಪ ಬೆಳೆದಿರೋ ಮರಿ ಒಂದೆರಡು ದಿನ ಉಪವಾಸ ತಡ್ಕೊಳ್ಳತ್ತೆ, ಆದ್ರೆ ಈಗಷ್ಟೇ ಈಜೋಕೆ ಶುರು ಮಾಡಿರೋ ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ತಡ್ಕೊಳ್ಳಲ್ಲ, ಅದಕ್ಕೆ ದಿನಾ ಕೊಡ್ಲೇಬೇಕು.

ಮರಿ ಬಾಯಿ ಬಿಡ್ಸೋಕೆ ಆರ್ಟೀಮಿಯಾ, ಅಂದ್ರೆ ಉಪ್ಪುನೀರಲ್ಲಿ ಬದುಕೋ ಸೀಗಡಿ ಥರದ ಸಣ್ಣ ಜೀವಿ, ಅದಕ್ಕಿಂತ ಒಳ್ಳೇದು ನಾನಂತೂ ನೋಡಿಲ್ಲ, ಯಾಕಂದ್ರೆ ಅದು ಅಲ್ಲಾಡತ್ತೆ, ಅಲ್ಲಾಡೋದನ್ನ ಕಂಡ್ರೆ ಮರಿ ತಾನೇ ಬಾಯಿ ಹಾಕತ್ತೆ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಕಲ್ಲುಪ್ಪು, ಅರ್ಧ ಚಮಚ ಆರ್ಟೀಮಿಯಾ ಮೊಟ್ಟೆ, ಕೆಳಗಿಂದ ಏರ್ ಪಂಪಿನ ಗುಳ್ಳೆ ಬರ್ತಾ ಇರ್ಲಿ. ನೀರು ಬೆಚ್ಚಗಿದ್ರೆ 24ರಿಂದ 36 ಗಂಟೇಲಿ ಮರಿ ಬರತ್ತೆ. ಪಂಪ್ ನಿಲ್ಸಿ ಬಾಟ್ಲಿ ಕೆಳಗೆ ಟಾರ್ಚ್ ಹಿಡಿದ್ರೆ ಖಾಲಿ ಚಿಪ್ಪೆಲ್ಲ ಮೇಲೆ ತೇಲತ್ತೆ, ಕಿತ್ತಳೆ ಬಣ್ಣದ ಮರಿಗಳು ಮೋಡದ ಥರ ಬೆಳಕಿಗೆ ಬಂದು ಸೇರ್ಕೊಳ್ತವೆ, ಪೈಪಲ್ಲಿ ಎಳ್ಕೊಂಡು ತೆಳು ಬಟ್ಟೇಲಿ ಸೋಸಿ ಸಿಹಿನೀರಲ್ಲಿ ತೊಳ್ದು ಹಾಕಿ. ಆರ್ಟೀಮಿಯಾ ಸಿಹಿನೀರಲ್ಲಿ ಕೆಲವು ಗಂಟೆಗಿಂತ ಜಾಸ್ತಿ ಬದುಕಲ್ಲ, ಅದಕ್ಕೆ ಸ್ವಲ್ಪ ಸ್ವಲ್ಪ.

ಇದಕ್ಕೆ ಒಗ್ಗಿದ ಮೇಲೆ ಫ್ಲೇಕ್ಸ್, ಅಂದ್ರೆ ತೆಳು ಹಾಳೆ ಥರದ ಒಣ ಫುಡ್ಡನ್ನ ಬೆರಳಲ್ಲಿ ಪುಡಿ ಮಾಡಿ ದಿನಕ್ಕೆ ಮೂರ್ನಾಲ್ಕು ಸಲ ಕೊಡಿ, ಎರಡು ಮೂರು ನಿಮಿಷದಲ್ಲಿ ಮುಗಿಸೋವಷ್ಟೇ. ಬಾಯಿಗೆ ಹಾಕ್ಕೊಂಡು ಉಗೀತಿದ್ರೆ ಇನ್ನೂ ಸಣ್ಣಕ್ಕೆ ಪುಡಿ ಮಾಡಿ. ಒಂದು ವಾರ ಆದ್ರೂ ತಿಂತಿಲ್ಲ, ಹೊಟ್ಟೆ ಒಳಗೆ ಹೋಗಿದೆ, ಹಿಕ್ಕೆ ಬಿಳಿ ದಾರದ ಥರ ಬರ್ತಿದೆ ಅಂದ್ರೆ ಕರುಳಲ್ಲಿ ಹುಳ ಇರಬಹುದು, ಆ ಮರಿನ ಅವತ್ತೇ ಬೇರೆ ಟಬ್ಬಿಗೆ ಹಾಕಿ ತಿಳಿದೋರಿಗೆ ತೋರಿಸಿ.